ಉದ್ರಿ ಪುಸ್ತಕ ಹಿಡಿದು ಓಟು ಕೇಳಲು ಹೋದವನ ಹತ್ತು ಪಾಠಗಳು

ಮೊನ್ನೆ ಅರ್ಧ ಕೆಜಿ ಎರಡಿಂಚಿನ ಮೊಳೆಗೆ ಬಂದ ಗಿರಾಕಿಯೊಬ್ಬರು ಚಿಲ್ಲರೆ ಎಣಿಸಿಕೊಳ್ಳುತ್ತಾ ಕೇಳಿದರು: "ಸಾವ್ಕಾರ್ರೆ, ಹೋದ ಎಲೆಕ್ಷನ್ನಿಗೆ ನಿಮ್ಮ ಹೆಸರಿನೋರು ಯಾರೋ ನಿಂತಿದ್ರಲ್ಲ, ನಿಮಗೇನಾದ್ರೂ ಸಂಬಂಧನಾ?" ಹದಿನೆಂಟು ವರ್ಷದಿಂದ ನನ್ನ ಅಂಗಡಿಗೆ ಬರುತ್ತಿರುವ ಮನುಷ್ಯ. ನಿಂತವನು ನಾನೇ ಅನ್ನಲು ಬಾಯಿ ಬರಲಿಲ್ಲ. "ಹೂಂ, ದೂರದ ಸಂಬಂಧ" ಅಂದೆ.

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. 2023ರ ಮೇ 10ರ ವಿಧಾನಸಭಾ ಚುನಾವಣೆಗೆ ಪಕ್ಷೇತರನಾಗಿ ನಿಂತಿದ್ದೆ. ಮೇ 13ರಂದು ಎಣಿಕೆ ಮುಗಿದಾಗ ನನ್ನ ಹೆಸರಿನ ಮುಂದೆ ಇದ್ದದ್ದು 1,846 ಮತ. ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲು ಬರದಿದ್ದರೆ ಠೇವಣಿ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ಇಪ್ಪತ್ತಾರು ಸಾವಿರದ ಮೇಲೆ ಬೇಕಿತ್ತು. ನನ್ನ ಹತ್ತು ಸಾವಿರ ರೂಪಾಯಿ ಸರ್ಕಾರಕ್ಕೆ ಜಮೆಯಾಯಿತು. ಒಟ್ಟು ಕಳೆದುಕೊಂಡದ್ದರಲ್ಲಿ ಅದೇ ಸಣ್ಣ ಬಾಬತ್ತು.

ಈಗಲೂ ಪೇಟೆಯ ಗೆಳೆಯರು ಆಗೊಬ್ಬರು ಈಗೊಬ್ಬರು ಬಂದು, ದನಿ ತಗ್ಗಿಸಿ, "ನಾನೂ ಒಂದ್ಸಲ ನಿಲ್ಲಣ ಅಂತಿದೀನಿ" ಅನ್ನುತ್ತಾರೆ. ಗೆಲ್ಲುವುದು ಹೇಗೆಂದು ಹೇಳುವ ಯೋಗ್ಯತೆ ನನಗಿಲ್ಲ. ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಮಾತ್ರ ಚೆನ್ನಾಗಿ ಬಲ್ಲೆ.

1. ಗಿರಾಕಿ ಬೇರೆ, ಮತದಾರ ಬೇರೆ.

ನಿಲ್ಲುವ ಮುಂಚೆ ನಾನು ಮಾಡಿದ ಸಮೀಕ್ಷೆ ಅಂದರೆ ಉದ್ರಿ ಪುಸ್ತಕ ತಿರುವಿದ್ದು. ಒಂದು ಸಂಜೆ ಶಟರ್ ಅರ್ಧ ಇಳಿಸಿ, ಊರಿಗೊಂದು ಹಾಳೆ ಮಾಡಿ ಹೆಸರು ಬರೆಯುತ್ತಾ ಕೂತೆ. ಖಾಯಂ ಗಿರಾಕಿಗಳು, ಗಾರೆ ಮೇಸ್ತ್ರಿಗಳು, ಪ್ಲಂಬರ್‌ಗಳು, ಬೋರ್‌ವೆಲ್ ಕೊರೆಸುವವರು ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ ಹೆಸರಾದವು. ಮನೆಗೆ ನಾಲ್ಕು ಓಟೆಂದು ಗುಣಿಸಿದೆ. ಎಂಟು ಸಾವಿರ ಮತ ಗಲ್ಲಾದಲ್ಲೇ ಇವೆ ಅನ್ನಿಸಿತು. ಪ್ರಚಾರಕ್ಕೆ ಹೋದಾಗ ಒಬ್ಬ ರೈತರ ಮನೆ ಸಿಕ್ಕಿತು. ಎರಡು ವರ್ಷದ ಹಿಂದೆ ಅವರ ಮೋಟಾರು ಸುಟ್ಟಾಗ ರಾತ್ರಿ ಒಂಬತ್ತಕ್ಕೆ ಅಂಗಡಿ ತೆಗೆದು ಸ್ಟಾರ್ಟರು, ಕೇಬಲ್ಲು ಉದ್ರಿ ಕೊಟ್ಟಿದ್ದೆ. ನಗುನಗುತ್ತಲೇ ಆ ರಾತ್ರಿಯನ್ನು ನೆನಪಿಸಿದೆ. ಅವರ ಮುಖ ಚಿಕ್ಕದಾಯಿತು. ಒಳಗೆ ಹೋಗಿ ಉಳಿದಿದ್ದ ಆರುನೂರು ರೂಪಾಯಿ ಬಾಕಿ ತಂದು, ನನ್ನ ಜೊತೆಗಿದ್ದ ಹುಡುಗರ ಎದುರೇ ಕೈಗಿಟ್ಟರು. "ಚುಕ್ತಾ ಆಯ್ತಲ್ಲ ಸಾವ್ಕಾರ್ರೆ?" ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಿದರೆ ಅದು ಸಾಲವಾಗಿಬಿಡುತ್ತದೆ. ಮಾನವಂತರು ಸಾಲವನ್ನು ದುಡ್ಡಿನಲ್ಲೇ ತೀರಿಸುತ್ತಾರೆ. ಆ ದಿನ ನನಗೆ ಓಟೂ ಹೋಯಿತು, ಗಿರಾಕಿಯೂ ಹೋದರು.

2. "ಯಡಿಯೂರಪ್ಪನವರದ್ದೂ ಹಾರ್ಡ್‌ವೇರ್ ಅಂಗಡಿಯೇ" ಅಂದರೆ ಉಬ್ಬಬೇಡಿ.

ಈ ಮಾತನ್ನು ನನಗೆ ಹೇಳದವರೇ ಇಲ್ಲ. ಮಾತು ನಿಜವೇ. ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಮುಂದೆ ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಆದರೆ ಹೇಳುವವರು ಅಂಗಡಿಗೆ ಮಾತು ನಿಲ್ಲಿಸುತ್ತಿದ್ದರು, ನಾನೂ ಮುಂದಕ್ಕೆ ಕೇಳುತ್ತಿರಲಿಲ್ಲ. ಅವರು ಶಿಕಾರಿಪುರ ಪುರಸಭೆಗೆ ಆರಿಸಿ ಬಂದದ್ದು 1975ರಲ್ಲಿ, ವಿಧಾನಸಭೆಗೆ 1983ರಲ್ಲಿ. ನಡುವೆ ತುರ್ತು ಪರಿಸ್ಥಿತಿಯ ಜೈಲುವಾಸ, ಸಂಘಟನೆಯ ಓಡಾಟ ಎಲ್ಲ ಇದ್ದವು. ನಾನು ನೆನೆಯಬೇಕಿದ್ದ ಉದಾಹರಣೆ ಬೇರೆಯೇ ಇತ್ತು. ಏರ್ ಡೆಕ್ಕನ್ ಕಟ್ಟಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತರು. ಅಷ್ಟು ಹೆಸರಿದ್ದವರಿಗೇ ಹಾಗಾದ ಮೇಲೆ, ಪೈಪು ಮಾರುವವನಿಗೆ ಜನ ಆರತಿ ಎತ್ತುತ್ತಾರೆಂದು ನಾನು ಯಾವ ಧೈರ್ಯದಲ್ಲಿ ನಂಬಿದ್ದೆನೋ! 2023ರಲ್ಲಿ 224 ಕ್ಷೇತ್ರಗಳ ಪೈಕಿ ಪಕ್ಷೇತರರು ಗೆದ್ದದ್ದು ಎರಡೇ ಕಡೆ, ಹರಪನಹಳ್ಳಿ ಮತ್ತು ಗೌರಿಬಿದನೂರು. ಅದನ್ನೂ ನಾನು ಫಲಿತಾಂಶದ ದಿನ ಸಂಜೆ ಟಿವಿಯಲ್ಲಿ ನೋಡಿ ತಿಳಿದುಕೊಂಡೆ.

3. ಟಿಕೆಟ್ ಕೇಳುವ ಮೊದಲು ನಿಮ್ಮ ಬೂತ್ ನಂಬರ್ ತಿಳಿದುಕೊಂಡಿರಿ.

ಪಕ್ಷೇತರನಾಗಿದ್ದು ತತ್ವಕ್ಕಾಗಿ ಅಲ್ಲ, ಬಿ ಫಾರಂ ಸಿಗಲಿಲ್ಲ ಅಂತ. ಒಂದು ಪಕ್ಷದ ಬಾಗಿಲಿಗೆ ನಾಲ್ಕು ತಿಂಗಳು ಅಲೆದೆ. ಬೆಂಗಳೂರಿನ ಮೆಜೆಸ್ಟಿಕ್ ಹತ್ತಿರದ ಲಾಡ್ಜಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹ್ಯಾಂಗರಿಗೆ ಹಾಕಿಕೊಂಡು ಫೋನಿಗೆ ಕಾಯುತ್ತಿದ್ದೆ. ಕೊನೆಗೊಂದು ದಿನ ಮುಖಂಡರೊಬ್ಬರು ಐದು ನಿಮಿಷ ಸಮಯ ಕೊಟ್ಟರು. ವರ್ತಕರ ಸಂಘದ ಸನ್ಮಾನದ ಫೋಟೊ, ರಕ್ತದಾನ ಶಿಬಿರದ ಪತ್ರಿಕೆ ತುಣುಕು ಎಲ್ಲ ಜೋಡಿಸಿದ ಫೈಲು ಮುಂದಿಟ್ಟೆ. ಅವರು ಅದನ್ನು ತೆಗೆಯಲೇ ಇಲ್ಲ. "ನಿಮ್ಮ ಓಟು ಯಾವ ಬೂತಲ್ಲಿದೆ?" ಅಂದರು. "ಸರ್ಕಾರಿ ಶಾಲೇಲಿ ಸಾರ್" ಅಂದೆ. "ನಂಬರ್ ಕೇಳಿದ್ದು." ಗೊತ್ತಿರಲಿಲ್ಲ. "ಹೋದ ಸಲ ಆ ಬೂತಲ್ಲಿ ನಮ್ಮ ಪಕ್ಷಕ್ಕೆ ಎಷ್ಟು ಬಿದ್ದಿತ್ತು?" ಅದೂ ಗೊತ್ತಿರಲಿಲ್ಲ. ಕಾಫಿ ತರಿಸಿದರು, "ಮುಂದೆ ನೋಡಣ" ಅಂದರು. ಮೋಸ ಮಾಡಿದರೆಂದು ಊರೆಲ್ಲ ದೂರುತ್ತಾ ತಿರುಗಿದೆ. ಈಗ ಯೋಚಿಸಿದರೆ, ಸ್ಕ್ರೂಗೂ ಬೋಲ್ಟಿಗೂ ವ್ಯತ್ಯಾಸ ಗೊತ್ತಿಲ್ಲದವನು ಕೆಲಸ ಕೇಳಿಕೊಂಡು ನನ್ನ ಅಂಗಡಿಗೆ ಬಂದಿದ್ದರೆ ನಾನೂ ಕಾಫಿ ಕುಡಿಸಿಯೇ ಕಳಿಸುತ್ತಿದ್ದೆ.

4. ನಾಮಪತ್ರವನ್ನು ಸರಕಿನ ಇನ್‌ವಾಯ್ಸ್ ಓದಿದ ಹಾಗೆ ಓದಿ.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ಅಂಗಡಿಯಲ್ಲಿ ಆಗ ಯಾರಿದ್ದರೋ ಅವರಿಂದಲೇ ಸಹಿ ಹಾಕಿಸಿಕೊಂಡು ಸಲ್ಲಿಸಿದೆ. ಮನೆಗೆ ಬಂದು ಮತದಾರರ ಪಟ್ಟಿ ನೋಡಿದರೆ, ಒಬ್ಬರ ಓಟು ಪಕ್ಕದ ಕ್ಷೇತ್ರದಲ್ಲಿದೆ. ಒಬ್ಬ ಅಭ್ಯರ್ಥಿ ನಾಲ್ಕು ಪ್ರತಿಯವರೆಗೆ ನಾಮಪತ್ರ ಹಾಕಬಹುದು, ಹಾಗಾಗಿ ಕೊನೆಯ ದಿನ ಏಪ್ರಿಲ್ 20ರಂದು ಇನ್ನೊಂದು ಸೆಟ್ ಹಾಕಿ ಉಳಿದುಕೊಂಡೆ. ವ್ಯಾಪಾರಿಗಳು ತಪ್ಪದೆ ನೋಡಬೇಕಾದದ್ದು ಇನ್ನೊಂದಿದೆ. ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಅದರ ಕಾಮಗಾರಿ ಮಾಡಿಕೊಡುವ ಗುತ್ತಿಗೆ ನಿಮ್ಮ ಹೆಸರಿನಲ್ಲಿ ಚಾಲ್ತಿಯಲ್ಲಿದ್ದರೆ, ಜನಪ್ರತಿನಿಧಿ ಕಾಯ್ದೆಯ 9ಎ ಪ್ರಕಾರ ಅದು ಅನರ್ಹತೆ. ನಾನೊಂದು ಸರ್ಕಾರಿ ಕಾಮಗಾರಿಗೆ ಪೈಪು ಕೊಟ್ಟಿದ್ದೆ, ಬಿಲ್ಲು ಬಾಕಿ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಕೆಲಸ ಪೂರ್ತಿ ಮುಗಿದಿದ್ದು ಸರ್ಕಾರದ ಹಣವಷ್ಟೇ ಬಾಕಿ ಇದ್ದರೆ ಅದನ್ನು ಚಾಲ್ತಿ ಗುತ್ತಿಗೆ ಅನ್ನುವುದಿಲ್ಲ ಎಂದು ವಕೀಲರು ಬೆಳಿಗ್ಗೆ ಬಿಡಿಸಿ ಹೇಳಿದ ಮೇಲೆಯೇ ಹೊಟ್ಟೆಗೆ ತಿಂಡಿ ಇಳಿದದ್ದು.

5. ನಿಮ್ಮ ಸಾಲ ಊರಿಗೆಲ್ಲ ಗೊತ್ತಾಗುತ್ತದೆ, ಸಿದ್ಧರಾಗಿರಿ.

ನಾಮಪತ್ರದ ಜೊತೆ ನಮೂನೆ 26ರ ಪ್ರಮಾಣಪತ್ರ ಕೊಡಬೇಕು. ಆಸ್ತಿ, ಸಾಲ, ಹೆಂಡತಿಯ ಒಡವೆ, ಕೇಸುಗಳಿದ್ದರೆ ಕೇಸು, ಎಲ್ಲವೂ ಅದರಲ್ಲಿ ಬರಬೇಕು, ಎಲ್ಲವೂ ಬಹಿರಂಗ. ನಾನು ಪ್ರಾಮಾಣಿಕವಾಗಿಯೇ ಬರೆದೆ. ಮಾರನೇ ದಿನ ಅದರ ಫೋಟೊ ಪೇಟೆಯ ವಾಟ್ಸ್‌ಆಪ್ ಗುಂಪುಗಳಲ್ಲೆಲ್ಲ ಓಡಾಡಿತು. ನನ್ನ ಪ್ರಾಮಾಣಿಕತೆಯನ್ನು ಯಾರೂ ಹೊಗಳಲಿಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಎಷ್ಟಿದೆ ಅನ್ನುವುದನ್ನು ಮಾತ್ರ ಎಲ್ಲರೂ ಓದಿದ್ದರು. ಹನ್ನೆರಡು ವರ್ಷದಿಂದ ನಲವತ್ತೈದು ದಿನದ ಉದ್ರಿಗೆ ಮಾಲು ಕಳಿಸುತ್ತಿದ್ದ ಸಗಟು ವ್ಯಾಪಾರಿಯೊಬ್ಬರು ಫೋನು ಮಾಡಿ, ಬಲು ವಿನಯದಿಂದ, "ಈ ಲೋಡಿಗೊಂದು ಮುಂಗಡ ಹಾಕಿಬಿಡಿ ಅಣ್ಣಾ" ಅಂದರು. ಮಾಲು ಕೊಡುವವರಿಗೆಲ್ಲ ನಾಮಪತ್ರಕ್ಕೆ ಮುಂಚೆಯೇ ನಾನಾಗಿ ಹೋಗಿ ಹೇಳಿಬರಬೇಕಿತ್ತು.

6. ಗಲ್ಲಾದ ದುಡ್ಡಿಗೂ ನೀತಿಸಂಹಿತೆ ಇದೆ.

ಮಾರ್ಚ್ 29ಕ್ಕೆ ಚುನಾವಣೆ ಘೋಷಣೆಯಾಯಿತು, ಅಂದಿನಿಂದಲೇ ನೀತಿಸಂಹಿತೆ. ನಮ್ಮ ಹುಡುಗ ಎಂದಿನಂತೆ ಹಳ್ಳಿಗಳ ವಸೂಲಿ ಮುಗಿಸಿ 1,40,000 ರೂಪಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಬರುತ್ತಿದ್ದ. ಚೆಕ್‌ಪೋಸ್ಟಿನಲ್ಲಿ ಹಿಡಿದರು. 50,000ಕ್ಕಿಂತ ಹೆಚ್ಚು ನಗದಿದ್ದರೆ ದಾಖಲೆ ತೋರಿಸಬೇಕು. ಅವನ ಹತ್ತಿರ ಇದ್ದದ್ದು ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ. ನಾನು ಹೋಗಿ ಜೋರು ಮಾಡಿದೆ. ಅದಕ್ಕಿಂತ ದಡ್ಡತನ ಇನ್ನೊಂದಿರಲಿಲ್ಲ, ಏಕೆಂದರೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಬಿಲ್ಲು, ಜಿಎಸ್‌ಟಿ ಕಾಗದ, ಲೆಡ್ಜರು ಎಲ್ಲ ಹೊತ್ತು ಜಿಲ್ಲಾ ಸಮಿತಿಯ ಮುಂದೆ ನಿಂತು ಬಿಡಿಸಿಕೊಳ್ಳುವ ಹೊತ್ತಿಗೆ ಒಂಬತ್ತು ದಿನವಾಗಿತ್ತು. ಅಷ್ಟರಲ್ಲಿ "ಸಾವ್ಕಾರ್ ದುಡ್ಡು ಹಂಚೋಕೆ ಶುರು ಮಾಡಿದಾನೆ" ಅನ್ನುವ ಸುದ್ದಿ ತಾಲ್ಲೂಕು ಸುತ್ತಿ ಬಂದಿತ್ತು. ಚುನಾವಣೆ ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ ತೆಗೆಯಬೇಕು, ಒಬ್ಬರಿಗೆ ನಗದಾಗಿ ಹತ್ತು ಸಾವಿರ ರೂಪಾಯಿ ದಾಟುವಂತಿಲ್ಲ, ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ. ಮಿತಿ ಮೀರುವ ಭಯ ನನಗಿರಲಿಲ್ಲ, ಅದರ ಕಾಲುಭಾಗವೂ ಇರಲಿಲ್ಲ. ಅಂಗಡಿಯ ದುಡ್ಡೂ ಚುನಾವಣೆಯ ದುಡ್ಡೂ ಒಂದೇ ಡ್ರಾದಲ್ಲಿ ಬೆರೆತದ್ದೇ ನನ್ನ ತಾಪತ್ರಯವಾಗಿತ್ತು.

7. "ದುಡ್ಡು ಹಂಚಲ್ಲ" ಅನ್ನುವುದು ಕಾರ್ಯಕ್ರಮವಲ್ಲ.

ನನ್ನ ಭಾಷಣದಲ್ಲಿ ಗಟ್ಟಿಯಾಗಿದ್ದ ಸಾಲು ಇದೊಂದೇ. ಒಂದು ಹಳ್ಳಿಯ ಅರಳಿಕಟ್ಟೆಯ ಹತ್ತಿರ ಹೀಗೆ ಎದೆ ತಟ್ಟಿಕೊಂಡು ಹೇಳಿದಾಗ, ಕೊಡ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಕೇಳಿದರು: "ಕೊಡೋನೂ ಬಂದಿದ್ದ, ಕೊಡದೆ ಇರೋನು ನೀನೂ ಬಂದಿ. ಈ ನಲ್ಲಿಗೆ ನೀರು ಬಿಡೋನು ಯಾವಾಗ ಬರ್ತಾನಪ್ಪ?" ಆ ನಲ್ಲಿಗೆ ನೀರು ಏಕೆ ಬರುತ್ತಿಲ್ಲ, ಟ್ಯಾಂಕಿನ ತೊಂದರೆಯೋ ಮೋಟಾರಿನದೋ ನನಗೆ ಗೊತ್ತಿರಲಿಲ್ಲ. ಪೈಪು ಮಾರುವವನು ನಾನು! ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಹಂಚಲ್ಲ ಅಂದವನು ಹಿಂದಿನ ವರ್ಷವೆಲ್ಲ ಯುವಕ ಸಂಘಗಳಿಗೆ ಕ್ರಿಕೆಟ್ ಕಿಟ್, ಗಣಪತಿಗೆ ಚಂದಾ, ಜಾತ್ರೆಗೆ ಫ್ಲೆಕ್ಸ್ ಕೊಡುತ್ತಲೇ ಬಂದಿದ್ದೆ. ಅದನ್ನು ಸೇವೆ ಅಂತ ಕರೆದುಕೊಳ್ಳುತ್ತಿದ್ದೆ. ಹುಡುಗರಿಗೆ ಅದು ಏನೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಕಿಟ್ಟಿನಲ್ಲಿ ಆಟ ಆಡಿದರು, ಓಟನ್ನು ತಮಗೆ ಬೇಕಾದವರಿಗೆ ಹಾಕಿದರು. ಅವರದೇನೂ ತಪ್ಪಿಲ್ಲ.

8. ಮುಖಂಡರು ತೋರಿಸುವ ಬೀದಿ ಅವರದ್ದಲ್ಲ.

"ಈ ಕೇರಿ ಪೂರ್ತಿ ನಮ್ಮ ಜನ, ನಾನು ಹೇಳಿದ್ದೇ ಆಗೋದು" ಎಂದು ಭರವಸೆ ಕೊಟ್ಟವರು ಹನ್ನೊಂದು ಜನ. ಹನ್ನೊಂದು ಮಂದಿಯನ್ನೂ ನಂಬಿದೆ. ನಮ್ಮ ಜಾತಿಯ ಓಟು ಎಷ್ಟಿದೆ ಎಂದು ಕಾಗದದ ಮೇಲೆ ಕೂಡಿಸಿ ಕಳೆದು ನೋಡಿದವನೂ ನಾನೇ, ವೇದಿಕೆ ಹತ್ತಿ "ಜಾತಿ ನೋಡಬೇಡಿ" ಅಂದವನೂ ನಾನೇ. ಆಮೇಲೆ ತಿಳಿಯಿತು, ಆ ಹನ್ನೊಂದರಲ್ಲಿ ನಾಲ್ವರು ಇದೇ ಬೀದಿಯನ್ನು ಬೇರೆ ಅಭ್ಯರ್ಥಿಗಳಿಗೂ ತೋರಿಸಿದ್ದರು. ಒಂದೇ ಸೈಟನ್ನು ಮೂವರಿಗೆ ಮಾರುವವರ ಕಥೆ ಪೇಟೆಯಲ್ಲಿ ಬೇಕಾದಷ್ಟು ಕೇಳಿದ್ದೆ. ಕೊಳ್ಳುವವನು ನಾನಾದಾಗ ಮಾತ್ರ ನೆನಪಾಗಲಿಲ್ಲ.

9. ಪ್ರೀತಿಯಿಂದ ಓಟು ಬೀಳುವುದಿಲ್ಲ, ಬೂತಿನಲ್ಲಿ ಕೂರಲು ಜನ ಬೇಕು.

ನಾಮಪತ್ರ ವಾಪಸಿಗೆ ಕೊನೆಯ ದಿನ ಏಪ್ರಿಲ್ 24. ಪಕ್ಷೇತರರಿಗೆ ಚಿಹ್ನೆ ಸಿಗುವುದು ಅದಾದ ಮೇಲೆಯೇ. ನನಗೆ ಅಷ್ಟೊಂದು ತಾಳ್ಮೆ ಎಲ್ಲಿ? ಕೇಳಿದ ಮೊದಲ ಚಿಹ್ನೆ ಸಿಕ್ಕೇ ಸಿಗುತ್ತದೆಂದು ಆರು ಸಾವಿರ ಕರಪತ್ರ ಮೊದಲೇ ಅಚ್ಚು ಹಾಕಿಸಿದ್ದೆ. ಅದೇ ಚಿಹ್ನೆಯನ್ನು ಇನ್ನೊಬ್ಬರೂ ಕೇಳಿದ್ದರು, ಚೀಟಿ ಎತ್ತಿದರು, ಅವರಿಗೆ ಹೋಯಿತು. ಆ ಕರಪತ್ರಗಳಲ್ಲಿ ಈಗಲೂ ಮೊಳೆ ಕಟ್ಟಿಕೊಡುತ್ತಿದ್ದೇವೆ. ಮೇ 8ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಕೈಯಲ್ಲಿದ್ದದ್ದು ಹದಿನಾಲ್ಕು ದಿನ, ಮುಟ್ಟಬೇಕಾದ ಬೂತುಗಳು ಇನ್ನೂರರ ಮೇಲೆ. ಮತಯಂತ್ರದಲ್ಲಿ ಮೊದಲು ಮಾನ್ಯ ಪಕ್ಷಗಳು, ಆಮೇಲೆ ನೋಂದಾಯಿತ ಪಕ್ಷಗಳು, ಕೊನೆಗೆ ನಮ್ಮಂಥವರು. ಹದಿಮೂರು ಹೆಸರಿನಲ್ಲಿ ನನ್ನದು ಹನ್ನೊಂದನೆಯದು. ಕಣ್ಣು ಮಂಜಾದವರಿಗೆ ಅಲ್ಲಿಯವರೆಗೆ ಬೆರಳು ತರುವುದೇ ಕಷ್ಟ. ಆ ಸಲ ರಾಜ್ಯದ ವಿಧಾನಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ಎಂಬತ್ತು ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟಿದ್ದರು. ಬೇರೆ ಪಕ್ಷಗಳ ಹುಡುಗರು ಬೀದಿಬೀದಿಯ ವೃದ್ಧರ ಪಟ್ಟಿ ಇಟ್ಟುಕೊಂಡಿದ್ದರು. ನನಗದು ತಿಳಿದದ್ದು ನಮ್ಮ ಸೋದರತ್ತೆ ಫೋನು ಮಾಡಿ, "ಮನೆಗೇ ಬಂದು ಹಾಕಿಸ್ಕೊಂಡು ಹೋದ್ರು ಕಣೋ. ನಿಂದು ಯಾವ ಗುರುತು ಅಂತ ಹೇಳೇ ಇರ್ಲಿಲ್ವಲ್ಲ ನೀನು" ಅಂದಾಗ. ಮತದಾನದ ದಿನ ನನಗೆ ಏಜೆಂಟರು ಸಿಕ್ಕಿದ್ದು ಮೂವತ್ತೊಂದು ಬೂತಿಗೆ ಮಾತ್ರ. ಉಳಿದ ಕಡೆ ಏನು ನಡೆಯಿತೋ ದೇವರೇ ಬಲ್ಲ.

10. ಸೋತ ಮೇಲೆ ಎರಡು ಕೆಲಸ ಬಾಕಿ ಇರುತ್ತವೆ.

ಎಣಿಕೆ ಕೇಂದ್ರದಿಂದ ಮಧ್ಯಾಹ್ನವೇ ಮನೆಗೆ ಬಂದೆ. ಎರಡು ತಿಂಗಳು ಅಂಗಡಿ ನಡೆಸಿದ್ದು ನನ್ನ ಹೆಂಡತಿ. ನಾನು ನಿಂತೆನೆಂಬ ಸಿಟ್ಟಿಗೆ ಬೇರೆ ಬೇರೆ ಪಕ್ಷದ ಕಾಂಟ್ರಾಕ್ಟರುಗಳು ಎದುರಿನ ಅಂಗಡಿಗೆ ಹೋಗತೊಡಗಿದ್ದರು. ನನಗೆ ಹೇಳದೆ ಅಷ್ಟನ್ನೂ ನಿಭಾಯಿಸಿದ್ದಳು. ಏನೂ ಕೇಳಲಿಲ್ಲ. "ಬೆಳಿಗ್ಗೆ ಆರಕ್ಕೆ ಸಿಮೆಂಟ್ ಲೋಡ್ ಬರ್ತದೆ, ಬೇಗ ಮಲಗಿ" ಅಂದಳು. ನಿಲ್ಲುವ ಮುಂಚೆ ಊರನ್ನೆಲ್ಲ ಅಭಿಪ್ರಾಯ ಕೇಳಿದ್ದೆ, ಅವಳನ್ನು ಕೇಳಿರಲಿಲ್ಲ. ಇನ್ನು ಆ ಎರಡು ಕೆಲಸ. ಮೊದಲನೆಯದು ಕಾನೂನಿನದು. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕ ಸಲ್ಲಿಸಬೇಕು. ಸಲ್ಲಿಸದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಸೋತ ಬೇಜಾರಿನಲ್ಲಿ ಬಹಳ ಜನ ಇದನ್ನು ಮರೆಯುತ್ತಾರೆ. ಲೆಕ್ಕ ಬರೆಯುವುದೊಂದು ನನಗೆ ಬರುತ್ತಿತ್ತು, ಅದನ್ನು ಸರಿಯಾಗಿ ಮಾಡಿದೆ. ಎರಡನೆಯದು ನಮೂನೆ 20, ಅಂದರೆ ಬೂತ್‌ವಾರು ಫಲಿತಾಂಶ ತರಿಸಿ ಓದುವುದು. ಯಾರಿಗಾದರೂ ಸಿಗುತ್ತದೆ. ಅದರಲ್ಲೊಂದು ಬೂತಿನಲ್ಲಿ ನನ್ನ ಕಡೆಯಿಂದ ಇಬ್ಬರು ಏಜೆಂಟರು ಪಾಳಿಯ ಮೇಲೆ ಕೂತಿದ್ದರು, ಇಬ್ಬರ ಓಟೂ ಅಲ್ಲೇ. ನನಗೆ ಬಿದ್ದದ್ದು ಒಂದು ಮತ. ಆ ಒಂದು ಯಾರದ್ದೆಂದು ಇವತ್ತಿಗೂ ಕೇಳಿಲ್ಲ. ಇಬ್ಬರೂ ಸಿಕ್ಕಾಗ ಕೈ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ.

ಇಷ್ಟಾದ ಮೇಲೆ ಕೇಳುವವರು ಕೇಳುತ್ತಾರೆ, ವ್ಯಾಪಾರಸ್ಥರು ರಾಜಕೀಯಕ್ಕೆ ಬರಬಾರದಾ? ಬರಬೇಕು. ದಿನಾ ನೂರು ಜನರ ಜೊತೆ ಮಾತಾಡುವವರು, ಪೈಸೆ ಪೈಸೆಗೂ ಲೆಕ್ಕ ಕೊಡುವವರು ವಿಧಾನಸೌಧದಲ್ಲಿ ಇದ್ದರೆ ನಷ್ಟವೇನಿಲ್ಲ. ನಾನು ನೇರ ಮೇಲಿನ ಮೆಟ್ಟಿಲಿಗೆ ಕಾಲಿಟ್ಟು ಬಿದ್ದೆ. ನೀವು ಮೊದಲು ಗ್ರಾಮ ಪಂಚಾಯ್ತಿಗೋ ಪುರಸಭೆಗೋ ನಿಲ್ಲಿ. ಒಂದು ವಾರ್ಡಿನ ನಲ್ಲಿಗೆ ನೀರು ಏಕೆ ಬರುತ್ತಿಲ್ಲ ಎಂದು ಐದು ವರ್ಷ ತಲೆ ಕೆಡಿಸಿಕೊಳ್ಳಿ. ಆ ಅಜ್ಜಿಯ ಊರಿನ ಟ್ಯಾಂಕಿನ ವಾಲ್ವು ಕೆಟ್ಟಿತ್ತು. ಚುನಾವಣೆ ಮುಗಿದ ಮೇಲೆ ಹೋಗಿ ನೋಡಿ, ಪಂಚಾಯ್ತಿಗೆ ನಾಲ್ಕು ಸಲ ಅಲೆದು ಬದಲಾಯಿಸಿದ್ದಾಯಿತು. ಅದಕ್ಕೆ ಎಂಎಲ್‌ಎ ಆಗಬೇಕಿರಲಿಲ್ಲ.

ನಮ್ಮ ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ನಿಲ್ಲುವ ಯೋಚನೆ ಇದ್ದವರು ಬನ್ನಿ, ನಮೂನೆ 20ರ ಪ್ರತಿ ನನ್ನ ಹತ್ತಿರ ಇದೆ, ಕೂತು ನೋಡೋಣ. ಬರುವಾಗ ನಿಮ್ಮ ಬೂತ್ ನಂಬರ್ ತಿಳಿದುಕೊಂಡು ಬನ್ನಿ. ನನ್ನದು 117.